ಎರಡನೆಯ ಸರೋವರದವರೆಗೆ

ನಾವಿರುವ ಟೆಕ್ಸಾಸಿನ ಇರ್ವಿಂಗ್‌ನಲ್ಲಿ ಬೆಟ್ಟಗಳಿಲ್ಲ. ಹಾಗಾಗಿ ಕೊಲೊರಾಡೊ ಪರ್ವತಗಳಿಗೆ ಅಭ್ಯಾಸವೆಂದು ನಾನೂ ನಮ್ಮ ಯಜಮಾನರೂ ಅವರ ಆಫೀಸಿನ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆವು. ಒಂದೇ ದಿನದಲ್ಲಿ ಎರಡು ಶಿಖರ ದಾಟಿ ಮೂರು ಸರೋವರ ನೋಡಬೇಕೆಂಬುದು ಅವರ ಆಸೆ. ಅವರು ತೀರಿಕೊಂಡ ಮೇಲೆ, ಈ ಬೇಸಿಗೆಯಲ್ಲಿ, ಆ ಆಸೆ ಪೂರೈಸಲು ಮಗಳೊಂದಿಗೆ ನಾನು ಹೊರಟೆ.

ಅವರು ಹೋದ ತಿಥಿಯಂದು ಪ್ರತಿ ತಿಂಗಳೂ ನಾನು ಉಪವಾಸವಿರುತ್ತೇನೆ. ಬೆಟ್ಟ ಹತ್ತಿದ ದಿನವೂ ಅದೇ ತಿಥಿಯಿತ್ತು, ಮಗಳಿಗೆ ಹೇಳಿರಲಿಲ್ಲ. ಮೊದಲ ಶಿಖರ ದಾಟಿ ಎರಡನೆಯ ಸರೋವರಕ್ಕೆ ಇಳಿಯುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಬಂಡೆಯ ಮೇಲೆ ಕುಳಿತುಬಿಟ್ಟೆ.

"ಅಮ್ಮಾ, ವೆನ್ ಡಿಡ್ ಯು ಈಟ್?" ಎಂದಳು ಮಗಳು.

"ನಿನ್ನೆ ಮಧ್ಯಾಹ್ನ ಕಣೆ. ಇವತ್ತು ನಿಮ್ಮಪ್ಪನ ತಿಥಿ."

ಅವಳು ತನ್ನ ಚೀಲ ಇಳಿಸಿ ಚಪಾತಿ ಡಬ್ಬಿ ಹೊರತೆಗೆದಳು. "ಅಪ್ಪ ಏಕಾದಶಿ ದಿನ ಗರಾಜ್‌ನಲ್ಲಿ ನಿಂತು ಚಿಪ್ಸ್ ತಿಂತಿದ್ರು. ಐ ಸಾ ಹಿಮ್."

"ನಂಗೂ ಗೊತ್ತಿತ್ತು," ಎಂದೆ.

ಅವಳು ಚಪಾತಿಗೆ ಚಟ್ನಿಪುಡಿ ಉದುರಿಸಿ, ಸುತ್ತಿ, ಕೈಗಿಟ್ಟಳು. ತಿಂದೆ. ಎದುರಿನ ಶಿಖರದ ಮೇಲೆ ಮೋಡ ಕಟ್ಟುತ್ತಿತ್ತು. ಮೂರನೆಯ ಸರೋವರ ಅದರಾಚೆ ಇತ್ತು.

"ಹೋಗೋಣ್ವಾ?"

"ಬೇಡ. ನಂಗೆ ಸುಸ್ತಾಗಿದೆ," ಎಂದೆ.

ಅವರು ಹೋದಾಗಿನಿಂದ ಯಾರ ಮುಂದೆಯೂ ನಾನು ಆ ಮಾತು ಆಡಿರಲಿಲ್ಲ. ಮಗಳು ನನ್ನ ಚೀಲವನ್ನೂ ಹೆಗಲಿಗೇರಿಸಿಕೊಂಡಳು. ಬಂದ ದಾರಿಯಲ್ಲೇ ನಿಧಾನವಾಗಿ ಹಿಂತಿರುಗಿದೆವು.