ತಂಗಿಗೆಂದು ಬಿಡಿಸಿದ್ದ ಕೋಣೆ

ಸ್ವಾತಂತ್ರ್ಯ ಬಂದ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ನಾನು ಒಂದು ಕಡೆ ನೆಟ್ಟಗೆ ಕೂತ ನೆನಪಿಲ್ಲ. ಪುಣೆಯ ನಮ್ಮ ವಾಡೆಯಲ್ಲಿ ಅಷ್ಟೂ ಸಂಸಾರಗಳಿಗೆ ಒಂದೇ ನಳ. ಸಿಂಧದಿಂದ ಮನೆಮಠ ಬಿಟ್ಟ ಜನ ಊರಿಗೆ ಬರತೊಡಗಿದ ಮೇಲಂತೂ ರೇಷನ್ ಅಂಗಡಿಯ ಸಾಲು ಬೀದಿಯ ತಿರುವು ದಾಟುತ್ತಿತ್ತು. ನನಗೆ ಅದರ ಚಿಂತೆಯಿರಲಿಲ್ಲ. ನನ್ನ ಚಿಂತೆಯೆಲ್ಲ ಬೆಳಗಾವಿ ಕಡೆಯ ಹಳ್ಳಿಯಲ್ಲಿದ್ದ ತಂಗಿಯದು. ಅವಳಿಗೆ ಇಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು. "ಅಕ್ಕನ ಮನ್ಯಾಗ ಇದ್ರ ಕಲೀಲಿ, ಇಲ್ಲಾಂದ್ರ ಮದುವಿ" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ನಮಗಿದ್ದದ್ದು ಮೂರು ಕೋಣೆ, ಮೂರನೆಯದು ದೇವರದು. ಬೆಳಿಗ್ಗೆ ಅತ್ತೆ ಮಡಿಯುಟ್ಟು ಪೂಜೆ ಮುಗಿಸಿ ಬೀಗ ಹಾಕಿದರೆ ಮತ್ತೆ ಮರುದಿನವೇ ತೆಗೆಯುವುದು. ಆ ಕೋಣೆಯನ್ನು ತಂಗಿಗೆ ಬಿಟ್ಟುಕೊಡಿ ಎಂದು ಮೂರು ತಿಂಗಳು ಅವರ ಬೆನ್ನು ಬಿದ್ದೆ, ಕಣ್ಣೀರು ಹಾಕಿದೆ, ಮುನಿಸಿಕೊಂಡೆ. ಕೊನೆಗೊಮ್ಮೆ, "ಆತು ಬಿಡವಾ, ನಿನ್ನ ಕಾಟ ಸಾಕಾತು. ಶುಕ್ರವಾರ ದಿನ ಚಲೋ ಅದ, ದೇವರನ್ನ ಅಡಗಿಮನಿ ಮೂಲ್ಯಾಗ ಕೂಡಸೋಣ" ಎಂದರು. ಅವತ್ತೇ ತಂಗಿಗೆ ಕಾಗದ ಹಾಕಿದೆ.

ಬುಧವಾರ ಮುಂಜಾನೆ ಸರಕಾರದ ಇನ್ಸ್‌ಪೆಕ್ಟರ್ ಬಂದ. ಮನೆಮನೆ ಹೊಕ್ಕು ಖಾಲಿ ಕೋಣೆಗಳನ್ನು ಬರೆದುಕೊಳ್ಳುತ್ತಿದ್ದ. ಖಾಲಿ ಇದ್ದದ್ದನ್ನು ನಿರಾಶ್ರಿತರಿಗೆ ಕೊಡುತ್ತಿದ್ದರು. ಅತ್ತೆ ಮಡಿನೀರಿನ ಕೊಡ ಹಿಡಿದು ದೇವರ ಕೋಣೆಯ ಮುಂದೆ ನಿಂತಿದ್ದರು. ಆತ ಬೂಟುಗಾಲಿನಲ್ಲೇ ಹೊಸ್ತಿಲು ದಾಟಿದ್ದು ಕಂಡು ಅವರ ಜೀವ ಬಾಯಿಗೆ ಬಂತು. "ಅಯ್ಯಯ್ಯ, ದೂರ ನಿಲ್ಲೋ, ಮಡಿ ಅದ!" ಎಂದು ಕನ್ನಡದಲ್ಲೇ ಕೂಗಿದರು. ಈ ಕೋಣೆಯಲ್ಲಿ ಯಾರಿರುತ್ತಾರೆ ಎಂದು ಆತ ಮರಾಠಿಯಲ್ಲಿ ಕೇಳಿದ. ಯಾರೂ ಇರುವುದಿಲ್ಲ, ಯಾರೂ ಬರುವುದೂ ಇಲ್ಲ ಎಂದು ಅತ್ತೆ ತಮ್ಮ ಹರಕು ಮರಾಠಿಯಲ್ಲಿ ಗಡಬಡಿಸಿ ಹೇಳಿದರು. ಆತ ಕೋಣೆಯೊಳಗೆ ಕಾಲಿಡದೆ ತೊಲಗಿದರೆ ಸಾಕಾಗಿತ್ತು ಅವರಿಗೆ. ಯಾರೂ ಬರುವುದಿಲ್ಲವಂತೆ! ಅಲ್ಲಿ ಹಳ್ಳಿಯಲ್ಲಿ ನನ್ನ ತಂಗಿ ಟ್ರಂಕು ತುಂಬಿಟ್ಟುಕೊಂಡು ಕೂತಿದ್ದಳು.

ನಾನು ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದೆ. ನಳದ ಹತ್ತಿರ ಮರಾಠಿಯಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವವಳು ನಾನು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪರಗಂಡಸಿನ ಮುಂದೆ ಅತ್ತೆ ಮಾತಾಡುವಾಗ ಸೊಸೆ ನಡುವೆ ಬಾಯಿ ಹಾಕುವ ರೂಢಿ ನಮ್ಮಲ್ಲಿರಲಿಲ್ಲ. ಆತ ಬರೆದುಕೊಂಡು ಹೋದ.

ಮರುದಿನ ಯಜಮಾನರು ಕಚೇರಿಗೆ ಹೋಗಿ ಕೈಮುಗಿದು ಬಂದರು. ಮನೆಯ ಹಿರಿಯರೇ ಖಾಲಿ ಎಂದಿದ್ದಾರೆ, ಯಾರೂ ತಕರಾರು ಮಾಡಿಲ್ಲ ಎಂದರಂತೆ.

"ನೀ ಎಲ್ಲಿ ಹೋಗಿದ್ದಿ ಆವಾಗ?"

"ಅಲ್ಲೇ ಇದ್ದೆನ್ರೀ."

"ಇದ್ದು?"

ಒಲೆಯ ಮುಂದೆ ಎದ್ದೆ, ಕೂತೆ, ಮತ್ತೆ ಎದ್ದೆ. ಅತ್ತೆಯ ಮೇಲೆ ಸಿಟ್ಟು, ನನ್ನ ಮೇಲೆ ಅದರ ಎರಡರಷ್ಟು.

ಶನಿವಾರ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಮುದುಕಿ, ಎರಡು ಹೆಣ್ಣುಮಕ್ಕಳು. ಇಷ್ಟು ಜನಕ್ಕೆ ಒಂದೇ ಹಾಸಿಗೆ ಸುರುಳಿ. ಮರುದಿನ ನಳದಲ್ಲಿ ಆ ಹೆಂಗಸಿನ ಕೊಡವನ್ನು ಸರಿಸಿ ನನ್ನದನ್ನು ಇಟ್ಟೆ. ಅವಳು ಹಿಂದೆ ಸರಿದು ನಿಂತಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು! ನನ್ನ ಕೊಡ ತುಂಬುವವರೆಗೆ ನಾಚಿಕೆಯಿಂದ ತಲೆ ಎತ್ತಲಿಲ್ಲ.

ಅಂದೇ ಮಧ್ಯಾಹ್ನ ತಂಗಿಗೆ ಕಾರ್ಡು ಬರೆದೆ: "ನಿರಾಶ್ರಿತರು ಬಂದು ಕೋಣೆ ಕಸಿದುಕೊಂಡರು. ಈ ವರ್ಷ ಬರಬೇಡ." ಅತ್ತೆಯ ಮಡಿಯ ಮಾತು ಬರೆಯಲಿಲ್ಲ, ಬಾಗಿಲ ಹಿಂದೆ ನಿಂತವಳ ಮಾತನ್ನೂ ಬರೆಯಲಿಲ್ಲ. ಮುಂದಿನ ವರ್ಷ ಎಂಬುದು ಬರಲೇ ಇಲ್ಲ. ಅಪ್ಪ ವೈಶಾಖದಲ್ಲಿ ಅವಳ ಮದುವೆ ಮಾಡಿಬಿಟ್ಟರು.

ಈಗಲೂ ನಮ್ಮ ಮನೆಗೆ ಬಂದಾಗಲೆಲ್ಲ ಅವಳದು ಅದೇ ಮಾತು. ಸಿಂಧಿಯವರ ಅಂಗಡಿಯಲ್ಲಿ ಒಂದು ಗುಂಡಿಯನ್ನೂ ಕೊಳ್ಳುವುದಿಲ್ಲ, ಮೊಮ್ಮಕ್ಕಳಿಗೂ ಕೊಳ್ಳಗೊಡುವುದಿಲ್ಲ. "ಆ ಮಂದಿ ಬರಲಿಲ್ಲಂದ್ರ ನಾ ಸಾಲಿ ಅಕ್ಕೋರಾಗಿರ್ತಿದ್ದೆ. ಹೌದಲ್ಲ ಅಕ್ಕಾ?" ಎಂದು ನನ್ನ ಮುಖ ನೋಡುತ್ತಾಳೆ.

"ಹೌದವಾ" ಎನ್ನುತ್ತೇನೆ.