ಮುನಿರಾಜುವಿನ ದನಿ ಕೇಳಲು ಬನ್ನಿ

ನಟನೆಗಿಂತ ಹೆಚ್ಚಾಗಿ ನಾನು ಈ ಜನ್ಮದಲ್ಲಿ ಮಾಡಿರುವ ಕೆಲಸ ಎಂದರೆ ಕರೆಯುವುದು. ನಾಟಕಕ್ಕೆ ಬನ್ನಿ, ಕಿರುಚಿತ್ರ ತೋರಿಸುತ್ತಿದ್ದೇವೆ ಬನ್ನಿ, ಮನೆಯವರನ್ನೂ ಕರೆತನ್ನಿ. ಸ್ವತಂತ್ರ ನಿರ್ದೇಶಕ ಎಂಬ ಬಿರುದು ಕೇಳಲು ಚೆಂದ. ಅದರ ಅರ್ಥ ಇಷ್ಟೇ: ಚಿತ್ರ ಮಾಡುವವನೂ ತಾನೇ, ಕುರ್ಚಿ ಜೋಡಿಸುವವನೂ ತಾನೇ, ಕೊನೆಗೆ ಮುಂದಿನ ಸಾಲು ಬೋಳಾಗಿ ಕಾಣಬಾರದೆಂದು ಅಲ್ಲಿ ಹೋಗಿ ಕೂರುವವನೂ ತಾನೇ. ವಾಟ್ಸಾಪಿನಲ್ಲಿ ಕರೆ ಕಳಿಸಿದರೆ ಕೈಮುಗಿದ ಚಿತ್ರ ಬರುತ್ತದೆ. ಹಾಗೆ ಕೈಮುಗಿದವರು ಬರುವುದಿಲ್ಲ ಎಂದು ತಿಳಿಯಬೇಕು. ಹೆಬ್ಬೆರಳು ಎತ್ತಿದವರು ಓದಿಯೂ ಇಲ್ಲ.

ಬೂದಿಕೋಟೆಯಲ್ಲಿರುವ ನನ್ನ ಚಿಕ್ಕಮ್ಮ ಮಾತ್ರ ಯಾವಾಗಲೂ ತಿರುಗಿ ಫೋನು ಮಾಡುತ್ತಾರೆ. ಕಳೆದ ಸಲ ಅವರು ಕೇಳಿದ್ದು, "ಕಿರುಚಿತ್ರ ಅಂದ್ರೆ ಏನ್ಲಾ? ಅದ್ರಾಗೆ ಯಾರು ಕಿರುಚೋದು?"

ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಆ ಚಿತ್ರದಲ್ಲಿ ನಿಜಕ್ಕೂ ಒಂದು ಕೂಗು ಇರಬೇಕಿತ್ತು. ಕೂಗಬೇಕಾಗಿದ್ದವನು ಮುನಿರಾಜು.

ಮುನಿರಾಜು ಬಂಗಾರಪೇಟೆಯ ಪಕ್ಕದ ಹಳ್ಳಿಯವನು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ, ಸಂಜೆ ಇಳಿದವನೇ ನೇರ ನಮ್ಮ ನಾಟಕದ ತಾಲೀಮಿಗೆ ಬರುತ್ತಿದ್ದ. ನನಗಿಂತ ಹಿರಿಯ. ಬಯ್ಯುವುದಕ್ಕೆ ತಮಿಳು, ಹಾಡುವುದಕ್ಕೆ ತೆಲುಗು, ಸುಳ್ಳು ಹೇಳುವುದಕ್ಕೆ ಕನ್ನಡ ಎಂದು ಮೂರು ಭಾಷೆಗಳಿಗೂ ಕೆಲಸ ಹಂಚಿಟ್ಟಿದ್ದ. ಅವನ ದನಿಯೋ, ಕೆರೆಯ ಈ ದಡದಲ್ಲಿ ನಿಂತು ಕರೆದರೆ ಆ ದಡದಲ್ಲಿ ಮೇಯುತ್ತಿದ್ದ ಹಸು ತಲೆಯೆತ್ತುತ್ತಿತ್ತು. ಹಸುವಿನ ಕೆಚ್ಚಲಿಗೆ ಕೈಹಾಕುವ ಮೊದಲು ಅವನು ಅದರ ಕಿವಿಯ ಹತ್ತಿರ ಏನೋ ಗುನುಗಬೇಕು, ಇಲ್ಲದಿದ್ದರೆ ಅದು ಸೊರೆ ಬಿಟ್ಟು ಹಾಲಿಳಿಸುತ್ತಿರಲಿಲ್ಲ. ಹಾಲು ಕರೆಯುವುದಕ್ಕೂ ಜನರನ್ನು ಕರೆಯುವುದಕ್ಕೂ ಹಳಗನ್ನಡದಲ್ಲಿ ಬೇರೆ ಬೇರೆ ರಕಾರ ಇತ್ತು. ಬಳಸಿ ಬಳಸಿ ಸವೆದು ಎರಡೂ ಒಂದೇ ಆದವು ಎಂದು ಪಂಡಿತರು ಹೇಳುತ್ತಾರೆ. ಮುನಿರಾಜುವಿಗೆ ಅವು ಮೊದಲಿನಿಂದಲೂ ಒಂದೇ ಆಗಿದ್ದವು.

ನಮ್ಮ ಚಿತ್ರದ ಕಥೆ ದೊಡ್ಡದೇನಲ್ಲ. ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ಒಬ್ಬ ಮುದುಕ, ಹಳೆಯ ಗಣಿ ಕಾರ್ಮಿಕ. ಕಣ್ಣು ಮಂಜು, ಎದೆಯ ತುಂಬ ಧೂಳು. ಮಾತು ಬಿಟ್ಟಿದ್ದ ಮಗಳು ಬಹಳ ಕಾಲದ ಮೇಲೆ ಊರಿಗೆ ಬರುತ್ತಾಳೆಂದು ಮಾರಿಕುಪ್ಪಂ ನಿಲ್ದಾಣದಲ್ಲಿ ಕಾಯುತ್ತಾನೆ. ಅವಳು ಗುಂಪಿನಲ್ಲಿ ಅವನನ್ನು ನೋಡದೆ ದಾಟಿ ಹೋಗುತ್ತಾಳೆ. ಅವನು "ರಾಣೀ" ಎಂದು ಕೂಗುತ್ತಾನೆ. ಅವಳು ತಿರುಗುತ್ತಾಳೆ. ಅಲ್ಲಿಗೆ ಮುಗಿಯಿತು.

ಮುದುಕನ ಪಾತ್ರ ಮುನಿರಾಜುವಿನದು. ಚಿತ್ರೀಕರಣ ಚೆನ್ನಾಗಿಯೇ ನಡೆಯಿತು. ಆದರೆ ಗಣಿಯ ಪುಡಿಮಣ್ಣು ಸುರಿದು ಎದ್ದ ಸೈನೈಡ್ ದಿಬ್ಬದ ಕಡೆಯಿಂದ ಬೀಸಿದ ಗಾಳಿ ಮೈಕಿನೊಳಗೆ ಸಂಸಾರ ಹೂಡಿತ್ತು. ಮಾತುಗಳನ್ನೆಲ್ಲ ಮತ್ತೆ ಆಡಿಸಿ ಸೇರಿಸಬೇಕಾಯಿತು. ಅಷ್ಟು ಹೊತ್ತಿಗೆ ಮುನಿರಾಜುವಿನ ಗಂಟಲು ಒಡೆದಿತ್ತು. "ಸೀತ ಕಣ್ಲಾ, ಮೆಣಸು ಜಗುದ್ರೆ ಓಯ್ತದೆ" ಎನ್ನುತ್ತಿದ್ದ. ಮೆಣಸಿಗೆ ಹೋಗಲಿಲ್ಲ. ಬೆಂಗಳೂರಿನ ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಬೇಕಾದರೆ ದನಿ ಬಿಡಬೇಕು.

ನನಗೆ ಆ ಸುದ್ದಿ ಹೇಳಿದವನು ಅವನೇ. ಹೇಳಿದ ಮೇಲೆ ಅದೇ ಉಸಿರಿನಲ್ಲಿ ಕೇಳಿದ: "ಡಬ್ಬಿಂಗು ಯಾವತ್ತಿಕ್ಕಂಡಿದ್ದೀಯ? ಬೇಗ್ನೆ ಇಟ್ಕೊ. ಆಮ್ಯಾಕೆ ನಾ ಸಿಕ್ಕಲ್ಲ."

ನಮ್ಮ ಮನೆಯ ನಡುಕೋಣೆಯ ಕಿಟಕಿಗಳಿಗೆ ಹಾಸಿಗೆ ಒತ್ತಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಅದನ್ನು ಸ್ಟುಡಿಯೋ ಎಂದು ಕರೆದೆವು. ಅವನ ಹೆಂಡತಿ ನಾರಾಯಣಮ್ಮ ಬಿಸಿನೀರಿನ ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತರು. ಮುನಿರಾಜು ಪರದೆಯ ಮೇಲಿನ ತನ್ನ ತುಟಿಗಳನ್ನು ನೋಡುತ್ತ ಒಂದೊಂದೇ ಮಾತು ಆಡಿದ. ದನಿ ಒರಟಾಗಿತ್ತು, ಅಲ್ಲಲ್ಲಿ ಹರಿದುಹೋಗುತ್ತಿತ್ತು. ಆ ಮುದುಕನಿಗೆ ಅದಕ್ಕಿಂತ ಒಪ್ಪುವ ದನಿ ಇನ್ನೊಂದಿರಲಿಲ್ಲ. ಒಂದು ಮಾತು ಮುಗಿದಾಗೆಲ್ಲ ನಾರಾಯಣಮ್ಮ ಬಿಸಿನೀರು ಕೊಡುತ್ತಿದ್ದರು, ಅವನು ಗುಟುಕರಿಸಿ ನನಗೆ ಕಣ್ಣು ಹೊಡೆಯುತ್ತಿದ್ದ.

ಕೂಗನ್ನು ಕೊನೆಗೆ ಇಟ್ಟಿದ್ದೆವು. ಎದ್ದು ನಿಂತ. ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದ. ಕೆಮ್ಮು ಹತ್ತಿ ಗೋಡೆ ಹಿಡಿದುಕೊಂಡ. ನಾರಾಯಣಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. "ಸಾಕು ಬಿಡಪ್ಪಾ," ಎಂದರು ನನಗೆ, ಅವನಿಗಲ್ಲ.

"ನಾಳೀಕೆ ಬತ್ತೀನಿ. ನಾಳೀಕೆ ಸರಿಯಾಗ್ತದೆ," ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಮಾರನೆಯ ದಿನ ಆಸ್ಪತ್ರೆಯಿಂದ ಕರೆ ಬಂತು. ಮಂಚ ಖಾಲಿಯಾಗಿದೆ, ಬಂದು ಸೇರಿಕೊಳ್ಳಿ ಎಂದು.

ಆಪರೇಷನ್ನಿನ ದಿನ ನಾನು ಹೊರಗಿನ ಬೆಂಚಿನಲ್ಲಿದ್ದೆ. ಒಳಗೆ ನಡೆದದ್ದನ್ನು ನಾರಾಯಣಮ್ಮ ಆಮೇಲೆ ಹೇಳಿದರು. "ಮದ್ವೆ ಆದಾಗ್ನಿಂದ 'ಲೇ' ಅಂದೋನೇ ಒರ್ತು ಒಂದಿನ ಎಸ್ರು ಇಡ್ದು ಕರೆದೋನಲ್ಲ. ಅವತ್ತು ಗಾಡಿ ಮ್ಯಾಲೆ ಮಲಗಿಸ್ಕಂಡು ತಳ್ಕೊಂಡು ಓಯ್ತಿದ್ರೆ, 'ನಾರಾಯಣಮ್ಮಾ' ಅಂದ. ನಂಗೆ ಬೋ ಭಯ ಆಗೋಯ್ತು." ತನ್ನ ದನಿಯಲ್ಲಿ ಅವನು ಆಡಿದ ಕೊನೆಯ ಮಾತು ಅದು. ಮುಂದೆ ಏನೋ ಹೇಳುವುದಿತ್ತೋ, ಬರೀ ಕರೆದನೋ, ಅವರು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ.

ಈಗ ಅವನ ಕತ್ತಿನಲ್ಲಿ ಒಂದು ತೂತಿದೆ, ಅದರ ಮೇಲೊಂದು ಬಿಳಿ ಬಟ್ಟೆ. ಉಸಿರು ಅಲ್ಲಿಂದಲೇ. ಟಾರ್ಚಿನಂಥ ಒಂದು ಯಂತ್ರ ಕೊಟ್ಟಿದ್ದಾರೆ. ಗದ್ದದ ಕೆಳಗೆ ಒತ್ತಿಕೊಂಡು ತುಟಿ ಆಡಿಸಿದರೆ ಅದು ಝೇಂಕರಿಸುತ್ತ ಮಾತಾಡುತ್ತದೆ. ಮನೆಗೆ ಬಂದವನು ಅದನ್ನು ಮೊದಲು ಹಿಡಿದದ್ದು ಕೊಟ್ಟಿಗೆಯಲ್ಲಿ. ಹಸು ಹಗ್ಗ ಕಿತ್ತುಕೊಂಡು ಓಡಿತು. ಅವನು ಯಂತ್ರವನ್ನು ಗೋಡೆಯ ಗೂಡಿನಲ್ಲಿಟ್ಟುಬಿಟ್ಟ. ಹಾಲು ಈಗ ನಾರಾಯಣಮ್ಮ ಕರೆಯುತ್ತಾರೆ. ಅವನು ಹಸುವಿನ ಮುಂದೆ ನಿಂತು ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ನೀವುತ್ತಾನೆ.

ಇತ್ತ ನನ್ನ ಚಿತ್ರ ಒಂದು ಕೂಗಿಗಾಗಿ ಕಾದು ಕೂತಿತ್ತು. ಮಿಮಿಕ್ರಿಯವನನ್ನು ಕರೆಸು ಎಂದರು ಕೆಲವರು. ಸಂಕಲನ ಮಾಡುವ ಗೆಳೆಯ, ಆಡಿದ ಮಾತುಗಳನ್ನು ಕಂಪ್ಯೂಟರಿಗೆ ತಿನ್ನಿಸಿದರೆ ಅದೇ ದನಿಯಲ್ಲಿ ಅದು ಬೇಕಾದ್ದನ್ನು ಕೂಗುತ್ತದೆ ಎಂದ. ಮುನಿರಾಜುವನ್ನೇ ಕೇಳಿದೆ. ಬೇಡವೆಂದು ತಲೆಯಾಡಿಸಿದ. ಹಾಗಾಗಿ ಆ ಜಾಗವನ್ನು ಹಾಗೆಯೇ ಬಿಟ್ಟೆ. ಮುದುಕ ಬಾಯಿ ತೆರೆಯುತ್ತಾನೆ. ಶಬ್ದವಿಲ್ಲ. ಮಗಳು ತಿರುಗುತ್ತಾಳೆ.

ಮೊದಲ ಪ್ರದರ್ಶನ ಚಾಂಪಿಯನ್ ರೀಫ್ಸಿನ ಒಂದು ಸಣ್ಣ ಸಭಾಂಗಣದಲ್ಲಿ, ಭಾನುವಾರ ಸಂಜೆ. ಹಳೆಯ ಕಾರ್ಮಿಕರ ಮನೆಗಳವರು ಒಂದಷ್ಟು ಜನ ಬಂದಿದ್ದರು. ಮುನಿರಾಜು ಇಸ್ತ್ರಿ ಅಂಗಿ ತೊಟ್ಟು ಹೆಂಡತಿಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದ. ಕೊನೆಯ ದೃಶ್ಯ ಬಂದಾಗ ಹಿಂದಿನಿಂದ ಯಾರೋ ತಮಿಳಿನಲ್ಲಿ, "ಡೇಯ್, ಸೌಂಡ್ ವೈಡಾ!" ಎಂದು, ಸೌಂಡು ಹಾಕೋ ಎಂದು ಗದರಿದರು. ಇನ್ನೊಬ್ಬರು ಸಿಳ್ಳೆ ಹಾಕಿದರು. ಪಕ್ಕದವರು ಏನೋ ಪಿಸುಗುಟ್ಟಿರಬೇಕು, ಸಭೆ ತಣ್ಣಗಾಯಿತು. ನಾನು ಪರದೆ ಬಿಟ್ಟು ಮುನಿರಾಜುವಿನ ಕಡೆ ನೋಡಿದೆ. ಅಲ್ಲಿ ಅವನೂ ಬಾಯಿ ತೆರೆದಿದ್ದ. ತೆರೆಯ ಮೇಲಿನ ತುಟಿಗೆ ಎಳ್ಳಷ್ಟೂ ಹಿಂದುಮುಂದಾಗದೆ, ಕತ್ತಿನ ನರ ಉಬ್ಬಿಸಿ, ಕೂಗುತ್ತಿದ್ದ. ಬಿಳಿ ಬಟ್ಟೆ ಮಾತ್ರ ಒಮ್ಮೆ ಮುಂದಕ್ಕೆ ಹಾರಿ ಮತ್ತೆ ಕೂತುಕೊಂಡಿತು.

ಅದಾದ ಮೇಲೆ ಅವನು ಯಂತ್ರವನ್ನು ಗೂಡಿನಿಂದ ಇಳಿಸಿದ. ಮುಂದಿನ ತಿಂಗಳು ಒಂದು ನಗೆನಾಟಕ ಆಡುತ್ತಿದ್ದೇವೆ, ಅದರಲ್ಲಿ ಯಮಧರ್ಮನ ಪಾತ್ರವೊಂದಿದೆ. ತಾಲೀಮಿಗೆ ಬಂದ ಮುನಿರಾಜು ಅದು ತನಗೇ ಬೇಕೆಂದು ಎದೆ ತಟ್ಟಿಕೊಂಡ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಯಂತ್ರವನ್ನು ಗದ್ದಕ್ಕೆ ಒತ್ತಿಕೊಂಡ.

"ಯಮನ್ ದನಿ ಯಾರ್ ಕೇಳವ್ರೆ?" ಎಂದು ಅದು ಝೇಂಕರಿಸಿತು. "ಇಂಗೇ ಇರ್ಬೋದು."

ಎಲ್ಲರೂ ನಕ್ಕೆವು. ಅವನೂ ಶಬ್ದವಿಲ್ಲದೆ ಭುಜ ಕುಣಿಸಿ ನಕ್ಕ. ಪಾತ್ರ ಅವನದಾಯಿತು.

ಅವನ ಜೊತೆ ತಾಲೀಮಿಗೆ ಬಂದಿದ್ದ ನಾರಾಯಣಮ್ಮ ಎದ್ದು ಜಗಲಿಗೆ ಹೋದರು. ಬೇಸರವಾಯಿತೇನೋ ಎಂದು ನಾನೂ ಹಿಂದೆ ಹೋದೆ. ಅವರು ಕೇಳಿದ್ದು ಬೇರೆಯೇ. "ಸಿನಿಮಾ ಮತ್ತೆ ಯಾವತ್ತು ಆಕ್ತೀಯಪ್ಪಾ?"

"ನಿಮ್ಮ ಫೋನಿಗೇ ಹಾಕಿಕೊಡ್ತೀನಲ್ಲ," ಎಂದೆ. "ಬೇಕಾದಾಗ ನೋಡ್ಬಹುದು."

"ಬ್ಯಾಡ," ಎಂದರು. "ಮನೇಲಿ ಅವನ ದನಿ ಆಕಿದ್ರೆ ಎದ್ದು ಓಗ್ಬುಡ್ತಾನೆ. ಅಲ್ಲಿ ಜನ ಇರ್ತಾರಲ್ಲ, ಜನದ ಮುಂದೆ ಅವನು ಏಳಲ್ಲ. ಕಡೇಗಂಟ ಕೂತ್ಕೋತಾನೆ. ಪಕ್ಕದಾಗೆ ಅವನ್ನೂ ಇಟ್ಕಂಡು ಅವನ ಮಾತೂ ಕೇಳ್ಬೋದು. ಎಲ್ಡೂ ಒಟ್ಟಿಗೆ ಸಿಗಾದು ಅಲ್ಲೇಯ."

ಒಳಗಿನಿಂದ ಯಮನ ಝೇಂಕಾರ, ಹುಡುಗರ ನಗು ಕೇಳುತ್ತಿತ್ತು.

ಈ ಭಾನುವಾರ ಸಂಜೆ ಬಂಗಾರಪೇಟೆಯಲ್ಲಿ, ರೈಲ್ವೆ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಕಲ್ಯಾಣ ಮಂಟಪದಲ್ಲಿ ಚಿತ್ರವಿದೆ. ದಯವಿಟ್ಟು ಬನ್ನಿ. ಚಿತ್ರ ಚೆನ್ನಾಗಿದೆಯೆಂದು ನಾನು ಹೇಳುವುದಿಲ್ಲ. ನೀವು ಅದನ್ನು ನೋಡಲೇಬೇಕೆಂದೂ ಇಲ್ಲ, ಕತ್ತಲಲ್ಲಿ ಕಣ್ಣುಮುಚ್ಚಿ ಕೂತರೂ ಆದೀತು. ಕುರ್ಚಿಗಳು ತುಂಬಿರಬೇಕು, ಅಷ್ಟೆ. ಮುಂದಿನ ಸಾಲಿನಲ್ಲಿ ಒಬ್ಬರು ತಮ್ಮ ಗಂಡನ ಮಾತು ಕೇಳಬೇಕಾಗಿದೆ. ಅವನು ಎದ್ದು ಹೋಗದ ಹಾಗೆ ನಾವೆಲ್ಲ ಸುಮ್ಮನೆ ಅಲ್ಲಿರಬೇಕು.