ಎರೆ ಭೂಮಿಯ ಸೂಗಪ್ಪ

ಸೂಗಪ್ಪ ಯಾದಗಿರಿ ಕಡೆಯ ಎರೆ ಭೂಮಿಯವನು. ಆ ಕಪ್ಪು ಮಣ್ಣಿನ ಮಹಿಮೆಯನ್ನು ಅವನ ಬಾಯಲ್ಲೇ ಕೇಳಬೇಕು. ಮಳೆಗಾಲದಲ್ಲಿ ಹೊಲಕ್ಕಿಳಿದವನು ಚಪ್ಪಲಿಗಂಟಿದ ಮಣ್ಣಿನಿಂದಲೇ ಒಂದು ಮೊಳ ಎತ್ತರವಾಗುತ್ತಿದ್ದನಂತೆ; ಗಿಡ್ಡ ಗಂಡುಗಳನ್ನು ಹೆಣ್ಣಿನ ಕಡೆಯವರಿಗೆ ತೋರಿಸುತ್ತಿದ್ದುದು ಆಗಲೇ ಅಂತೆ. ಬೇಸಿಗೆಯ ಬಿರುಕಿನಲ್ಲಿ ಬಿದ್ದ ಮೇಕೆಯೊಂದು ಮರುವರ್ಷ ಪಕ್ಕದೂರಿನ ಬಾವಿಯಿಂದ ಎರಡು ಮರಿಗಳೊಡನೆ ಮೇಲೆ ಬಂದಿತ್ತಂತೆ.

ಹೆಂಡತಿ ಶಂಕ್ರಮ್ಮ ಮಸಾರಿಯವಳು, ಅಂದರೆ ಕೆಂಪು ಮಣ್ಣಿನ ಊರಿನವಳು. ಮಸಾರಿ ಎಂದರೆ ಸೂಗಪ್ಪನಿಗೆ ಮಣ್ಣೇ ಅಲ್ಲ. ಬೆಳಿಗ್ಗೆ ಕುಡಿದ ನೀರನ್ನು ಮಧ್ಯಾಹ್ನ ಮರೆಯುವಂಥದ್ದು. ಇಪ್ಪತ್ತಾರು ವರ್ಷದಿಂದ ಹೀಗೆ ಹಂಗಿಸುತ್ತಲೇ ಸಂಸಾರ ಮಾಡಿದ್ದಾನೆ.

ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದವನು ಈಗ ನಾಚಾರಂನ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್. ತಾರಸಿಯ ಹೂಕುಂಡಗಳೂ ಅವನದೇ ಜವಾಬ್ದಾರಿ. ಜೂನ್‌ನಲ್ಲಿ ಮೂರನೇ ಮಹಡಿಯ ವೇದವತಿ ಮೇಡಂ ಮೈಸೂರಿನಿಂದ ಒಂದು ಮಲ್ಲಿಗೆ ಗಿಡ ತಂದರು. ರೈಲಿನಲ್ಲಿ ಅದಕ್ಕೆ ಕಿಟಕಿ ಸೀಟು ಕೊಟ್ಟು ತಾವು ಪಕ್ಕದಲ್ಲಿ ಕೂತು ತಂದದ್ದು. ಇದು ಒಣಗಿದರೆ ತಾರಸಿಗೆ ಬೇರೆ ಮಾಲಿಯನ್ನು ನೋಡುತ್ತೇನೆ ಎಂದು ಹೇಳಿ ಮಗಳ ಮನೆಗೆ ಹೋದರು.

ಸೂಗಪ್ಪ ಊರಿಗೆ ಹೋಗಿ ಬಸ್ಸಿನಲ್ಲಿ ಒಂದು ಚೀಲ ಎರೆ ಮಣ್ಣು ಹೇರಿಕೊಂಡು ಬಂದ. ಅದನ್ನೇ ಕುಂಡಕ್ಕೆ ಒತ್ತಿ ತುಂಬಿ ಗಿಡ ನೆಟ್ಟ. ಇದು ಹೊಲವಲ್ಲ, ನೀರು ಇಳಿಯುವುದಿಲ್ಲ ಎಂದು ಶಂಕ್ರಮ್ಮ ಹೇಳಿದಳು. ಮಸಾರಿಯವರ ಮಾತು ಯಾರು ಕೇಳುತ್ತಾರೆ?

ಮಳೆ ಹಿಡಿಯಿತು. ಎರೆ ಕುಡಿದ ನೀರನ್ನು ಬಿಟ್ಟುಕೊಡಲಿಲ್ಲ. ಕುಂಡದ ತೂತು ಮಣ್ಣು ಮೆತ್ತಿ ಮುಚ್ಚಿಕೊಂಡಿತು. ಎಲೆಗಳು ಹಳದಿಯಾಗಿ ಉದುರಿದವು. ಭಾನುವಾರ ಬರುತ್ತೇನೆಂದು ಮೇಡಂ ಫೋನು ಮಾಡಿದರು. ಶನಿವಾರ ಬುಡ ಕೆದಕಿ ಮೂಸಿದರೆ ಕೊಳೆತ ವಾಸನೆ. ಸೂಗಪ್ಪ ಇಳಿದು ಬಂದು ಹೆಂಡತಿಯ ಎದುರು ಕೂತ.

"ನಿಮ್ಮ ಕಡೆ ಮಲ್ಲಿಗಿ ಹೆಂಗ ಹಚ್ತಾರ?"

"ನಮ್ಮ ಕಡೆ ಮಣ್ಣೇ ಇಲ್ಲಲ್ಲರಿ."

"ಗಿಡ ಸಾಯಾಕತ್ತೈತಿ, ಶಂಕ್ರಿ."

"ಹಂಗಾರ ಮೊದಲ ಹೇಳ್ರಿ, ಯಾವ ಮಣ್ಣು ಚಲೋ?"

"ಹೊಲಕ್ಕ ಎರಿ," ಎಂದ. "ಕುಂಡಕ್ಕ... ಮಸಾರಿ." ಆ ಎರಡು ಮಾತಿನ ನಡುವೆ ಒಂದು ಬಸ್ಸು ದಿಲ್‌ಸುಖ್‌ನಗರಕ್ಕೆ ಹೋಗಿ ವಾಪಸು ಬಂದಿರಬಹುದು.

ಶಂಕ್ರಮ್ಮ ಎದ್ದಳು. ಕಾಂಪೌಂಡಿನ ಕೆಂಪು ಮಣ್ಣನ್ನು ಜರಡಿ ಹಿಡಿದು, ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿದಳು. ಕೊಳೆತ ಬೇರು ಕತ್ತರಿಸಿ, ಕುಂಡದ ತಳಕ್ಕೆ ಹೆಂಚಿನ ಚೂರು ಹಾಕಿ ಗಿಡ ಕೂರಿಸಿದಳು. ಕೊನೆಗೆ ಒಂದು ಹಿಡಿ ಎರೆಯನ್ನೂ ಸೇರಿಸಿದಳು. "ಇರ್ಲಿ, ಬ್ಯಾಸಿಗಿಗೆ ತುಸು ಹಸಿ ಹಿಡೀತೈತಿ."

ಭಾನುವಾರ ವೇದವತಿ ಬೋಳು ಗಿಡ ನೋಡಿ ಏನಾಯಿತೆಂದು ಕೇಳಿದರು. ಮಿಡತೆ ಹಿಂಡಿನ ಕತೆಯೊಂದು ಸೂಗಪ್ಪನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ತಪ್ಪು ನಂದ್ರಿ ಮೇಡಂ. ಉಳಿಸಿದಾಕಿ ಈಕಿ."

ವೇದವತಿ ಕಾಂಡವನ್ನು ಉಗುರಿನಿಂದ ಗೀರಿದರು. ಒಳಗೆ ಹಸಿರಿತ್ತು. ಬೇರೆ ಮಾಲಿಯನ್ನು ಹುಡುಕಲಿಲ್ಲ. ತಾರಸಿಯನ್ನು ಶಂಕ್ರಮ್ಮನಿಗೆ ಒಪ್ಪಿಸಿದರು. ಸೂಗಪ್ಪ ಈಗ ನೀರು ಹೊರುತ್ತಾನೆ. ಒಂದು ಚೊಂಬು ಹೆಚ್ಚು ಹಾಕಬೇಕಾದರೂ ಆಕೆಯನ್ನು ಕೇಳುತ್ತಾನೆ.